ಬ್ರೇಕು ಮೊದಲೋ, ಬ್ಲೂಟೂತು ಮೊದಲೋ?

ಮೋಟಾರ್ ಸೈಕಲ್ಲಿಗೂ ವಿಮರ್ಶೆಯೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ನಾಟಕ, ಕಥಾಸಂಕಲನ, ಯಕ್ಷಗಾನಗಳ ಗುಣದೋಷ ಎಣಿಸುವ ಪುಟದಲ್ಲಿ ಗಾಡಿಗೇನು ಕೆಲಸ? ಉತ್ತರ ಸರಳವಾಗಿದೆ. ವರ್ಷಕ್ಕೊಂದು ಪುಸ್ತಕ ಕೊಳ್ಳದ ಮನೆಯಲ್ಲೂ ಗಾಡಿ ಕಂಪನಿಯ ಬಣ್ಣಬಣ್ಣದ ಪರಿಚಯಪತ್ರವನ್ನು ಕುಳಿತು ಓದುತ್ತಾರೆ. ಮಗ ಮೊದಲ ಪುಟದ ಚಿತ್ರ ನೋಡುತ್ತಾನೆ, ತಂದೆ ಮೈಲೇಜಿನ ಅಂಕಿ ಹುಡುಕುತ್ತಾರೆ, ಮನೆಯ ಖರ್ಚು ತೂಗಿಸಬೇಕಾದ ತಾಯಿ ಕೊನೆಯ ಪುಟದ ದರವನ್ನು ಎರಡು ಸಲ ಓದುತ್ತಾರೆ. ಇಷ್ಟು ಶ್ರದ್ಧೆಯಿಂದ ಓದಿಸಿಕೊಳ್ಳುವ ಬರಹವನ್ನು, ಅದರ ಹಿಂದಿರುವ ವಸ್ತುವನ್ನು, ಒರೆಗೆ ಹಚ್ಚಿ ನೋಡುವುದು ವಿಮರ್ಶೆಯ ಕೆಲಸವಲ್ಲವೆಂದರೆ ಹೇಗೆ?

ಇಲ್ಲಿ ಎತ್ತಿಕೊಂಡಿರುವುದು ನೂರು ಸಿ.ಸಿ.ಯ ಆಸುಪಾಸಿನ ಅಗ್ಗದ ಗಾಡಿಗಳ ವಿಷಯ. ಡೊಂಬಿವಲಿ, ವಸಯಿಗಳಲ್ಲಿ ಮನೆಯಿಂದ ಸ್ಟೇಷನ್ನಿನವರೆಗೆ ಓಡಿಸುವವರು, ಠಾಣೆಯ ಹೋಟೆಲಿನಲ್ಲಿ ಕೆಲಸ ಮುಗಿಸಿ ನಡುರಾತ್ರಿ ಮನೆಗೆ ಮರಳುವವರು, ಪುಣೆಯ ಭೋಸರಿ, ಚಾಕಣದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರು, ಹೀಗೆ ನಮ್ಮವರಲ್ಲಿ ಬಹಳ ಮಂದಿಯ ವಾಹನ ಇದೇ. ಒಂದೇ ಹೆಸರಿನ ಗಾಡಿ ಎರಡು ಮೂರು ದರ್ಜೆಗಳಲ್ಲಿ ಬರುತ್ತದೆ. ಕೆಳಗಿನದನ್ನು ಅಂಗಡಿಯವರು ‘ಬೇಸಿಕ್’ ಎನ್ನುತ್ತಾರೆ, ಮೇಲಿನದನ್ನು ‘ಟಾಪ್ ಮಾಡೆಲ್’ ಎನ್ನುತ್ತಾರೆ. ನಡುವಿನ ಅಂತರ ಕೆಲವು ಸಾವಿರ ರೂಪಾಯಿ. ‘ಅಷ್ಟು ಕೊಡುವವರು ಇನ್ನಿಷ್ಟಕ್ಕೆ ಹಿಂಜರಿಯುವುದೇ?’ ಎಂಬುದು ಮಾರುವವನ ಮಾತು. ‘ಎಲ್ಲ ಬರೀ ಸೋಗು, ಇಂಜಿನ್ ಒಂದೇ’ ಎಂಬುದು ಮನೆಯ ಹಿರಿಯರ ಮಾತು. ಎರಡೂ ಅರ್ಧ ಸತ್ಯವೆಂಬುದೇ ಈ ಲೇಖನದ ವಾದ.

ಹಿರಿಯರ ಮಾತಿಗೆ ಇತಿಹಾಸದ ಬಲವಿದೆ. 1980ರ ದಶಕದ ನಡುಭಾಗದಲ್ಲಿ ಜಪಾನಿನ ನಾಲ್ಕು ಕಂಪನಿಗಳ ಸಹಯೋಗದಿಂದ ನೂರು ಸಿ.ಸಿ. ಗಾಡಿಗಳು ನಮ್ಮ ರಸ್ತೆಗಿಳಿದವು. ಸುಜುಕಿ, ಯಮಹಾ, ಕಾವಾಸಾಕಿ ಹೆಸರಿನವು ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವ ಟೂ ಸ್ಟ್ರೋಕ್ ಗಾಡಿಗಳು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100 ಮಾತ್ರ ಫೋರ್ ಸ್ಟ್ರೋಕ್. ಟ್ಯಾಂಕು ತುಂಬಿಸು, ಮುಚ್ಚು, ಮರೆತುಬಿಡು ಎಂಬ ಅರ್ಥದ ಅದರ ಜಾಹೀರಾತು ದೇಶದಲ್ಲೆಲ್ಲ ಮನೆಮಾತಾಯಿತು. ಆ ಜಾಹೀರಾತು ಹೊಗಳಿದ್ದು ಗಾಡಿಯಲ್ಲಿ ಏನೇನು ಇದೆ ಎಂಬುದನ್ನಲ್ಲ, ಏನು ಇಲ್ಲವೆಂಬುದನ್ನು. ಖರ್ಚಿಲ್ಲ, ಕಿರಿಕಿರಿಯಿಲ್ಲ, ಇಷ್ಟೇ ಅದರ ಹೆಗ್ಗಳಿಕೆ. 1994ರಲ್ಲಿ ಸ್ಪ್ಲೆಂಡರ್ ಬಂದಿತು. ಹೀರೋ, ಹೋಂಡಾ ಬೇರೆಯಾಗುವ ತೀರ್ಮಾನ 2010ರ ಡಿಸೆಂಬರಿನಲ್ಲಾಯಿತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದು ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿತು. ಇಷ್ಟೆಲ್ಲ ಆದರೂ ಸಿ.ಡಿ. 100ರ ಇಂಜಿನ್ನಿನ ಗಾತ್ರ 97.2 ಸಿ.ಸಿ., ಇಂದಿನ ಸ್ಪ್ಲೆಂಡರಿನದೂ 97.2 ಸಿ.ಸಿ. ಅಂದೂ ನಾಲ್ಕು ಗೇರು, ಇಂದೂ ನಾಲ್ಕು ಗೇರು. ನಲವತ್ತು ವರ್ಷ ಮಿಡಿದ ಗುಂಡಿಗೆ ಅದೇ. ಬದಲಾದದ್ದು ಹೆಚ್ಚಾಗಿ ಮೈಮೇಲಿನ ಉಡುಗೆತೊಡುಗೆ.

2022ರ ಮೇ ತಿಂಗಳಲ್ಲಿ ಇದೇ ಸ್ಪ್ಲೆಂಡರಿನ ‘ಎಕ್ಸ್‌ಟೆಕ್’ ಎಂಬ ಮೇಲ್ದರ್ಜೆ ಬಂದಿತು. ಅಂಕಿಗಳಲ್ಲೇ ತೋರಿಸುವ ಡಿಜಿಟಲ್ ಮೀಟರು, ಫೋನು ಮತ್ತು ಸಂದೇಶ ಬಂದರೆ ತಿಳಿಸುವ ಬ್ಲೂಟೂತು, ಫೋನ್ ಚಾರ್ಜ್ ಮಾಡುವ ಯು.ಎಸ್.ಬಿ. ಕಿಂಡಿ, ಆ ಕ್ಷಣದ ಮೈಲೇಜಿನ ಸೂಚನೆ, ಮುಂದೊಂದು ಎಲ್.ಇ.ಡಿ. ದೀಪದ ಪಟ್ಟಿ, ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ನಿಲ್ಲಿಸುವ ವ್ಯವಸ್ಥೆ, ಗಾಡಿ ಉರುಳಿ ಬಿದ್ದರೆ ಇಂಜಿನ್ ಬಂದ್ ಮಾಡುವ ಇನ್ನೊಂದು. ಇಂಜಿನ್ ಹಳೆಯದೇ. ಪಟ್ಟಿ ಉದ್ದವಾಗಿದೆ, ಓದಲು ಸೊಗಸಾಗಿಯೂ ಇದೆ. ಆದರೆ ವಿಮರ್ಶಕನಿಗೆ ಮೊದಲು ಕಾಣುವ ದೋಷ ಈ ಪಟ್ಟಿಯ ರಚನೆಯಲ್ಲೇ ಇದೆ. ಜೀವ ಉಳಿಸುವ ವಸ್ತುವೂ ಮನಸ್ಸು ತಣಿಸುವ ವಸ್ತುವೂ ಇದರಲ್ಲಿ ಪಕ್ಕಪಕ್ಕದಲ್ಲಿ ಸಮಾನ ಗೌರವದಿಂದ ಕುಳಿತಿವೆ. ಮದುವೆಯ ಲಗ್ನಪತ್ರಿಕೆಯಲ್ಲಿ ಮುಹೂರ್ತವನ್ನೂ ಊಟದ ಪಾಯಸವನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕಿಸಿದಂತೆ.

ಆದ್ದರಿಂದ ಕೊಳ್ಳುವವರು ಮಾಡಬೇಕಾದ ಮೊದಲ ಕೆಲಸ ಪಟ್ಟಿಯನ್ನು ಒಡೆದು ನಾಲ್ಕು ರಾಶಿ ಮಾಡುವುದು. ಗಾಡಿಯನ್ನು ನಿಲ್ಲಿಸುವ ಮತ್ತು ನಮ್ಮನ್ನು ಕಾಯುವ ವಸ್ತುಗಳದು ಒಂದು ರಾಶಿ. ಗಾಡಿಯನ್ನು ಹೊರಡಿಸುವ, ಓಡಿಸುವ ವಸ್ತುಗಳದು ಎರಡನೆಯದು. ನಮಗೆ ಏನನ್ನೋ ತಿಳಿಸುವವು ಮೂರನೆಯದು. ಮೆರೆಸುವವು ನಾಲ್ಕನೆಯದು. ಹಣ ಹೆಚ್ಚು ಕೊಡುವುದಾದರೆ ಈ ಕ್ರಮದಲ್ಲೇ ಕೊಡಬೇಕು.

ಮೊದಲ ರಾಶಿಯಲ್ಲಿ ಮುಖ್ಯವಾದದ್ದು ಬ್ರೇಕು. ಅಗ್ಗದ ಗಾಡಿಗಳಲ್ಲಿ ಬಹುಪಾಲು ಎರಡು ಚಕ್ರಕ್ಕೂ ಡ್ರಮ್ ಬ್ರೇಕು. ಮುಚ್ಚಿದ ಡಬ್ಬಿಯೊಳಗೆ ಎರಡು ಶೂಗಳು ಅಗಲಿಸಿಕೊಂಡು ಗೋಡೆಗೆ ಉಜ್ಜುವ ಏರ್ಪಾಡು ಅದು. ಅಗ್ಗ, ಗಟ್ಟಿ, ಯಾವ ಗಲ್ಲಿಯ ಮೆಕ್ಯಾನಿಕ್ಕಾದರೂ ಸರಿಪಡಿಸಬಲ್ಲ. ಆದರೆ ಮುಂಬಯಿಯ ಜುಲೈ ತಿಂಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ಹಾದುಬಂದ ಗಾಡಿಯ ಡ್ರಮ್ಮಿನೊಳಗೆ ನೀರು ಹೊಕ್ಕರೆ, ಅದು ಒಣಗುವ ತನಕ ಹಿಡಿತ ಸಡಿಲ. ಡಿಸ್ಕ್ ಬ್ರೇಕು ಬಯಲಲ್ಲಿ ತಿರುಗುವ ತಟ್ಟೆ. ನೀರನ್ನು ಬೀಸಿ ಎಸೆಯುತ್ತದೆ, ಬಿಸಿಯನ್ನೂ ಬೇಗ ಬಿಡುತ್ತದೆ. ಅದಕ್ಕೆ ದ್ರವ ಬದಲಿಸುವ, ಪ್ಯಾಡ್ ನೋಡಿಕೊಳ್ಳುವ ಖರ್ಚುಂಟು. ಸರಕಾರ ಸುಮ್ಮನೆ ಕುಳಿತಿಲ್ಲ. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಗಾಡಿಗಳಿಗೆ ಎರಡು ಚಕ್ರದ ಬ್ರೇಕನ್ನು ಜೋಡಿಸುವ ಸಿ.ಬಿ.ಎಸ್. ಅಥವಾ ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್., ಎರಡರಲ್ಲೊಂದು ಕಡ್ಡಾಯ. 125ರ ಮೇಲಿನವಕ್ಕೆ ಎ.ಬಿ.ಎಸ್. ಬೇಕೇ ಬೇಕು. ಅಗ್ಗದ ಗಾಡಿಗಳ ತಯಾರಕರು ಸಹಜವಾಗಿ ಅಗ್ಗದ ಸಿ.ಬಿ.ಎಸ್. ಆರಿಸಿಕೊಂಡರು. ಕಾಲಿನ ಬ್ರೇಕು ಒತ್ತಿದರೆ ಮುಂದಿನ ಚಕ್ರಕ್ಕೂ ಒಂದಷ್ಟು ಪಾಲು ಹೋಗುತ್ತದೆ. ಇದು ನಿಜಕ್ಕೂ ಉಪಕಾರಿ. ಬೇಸಿಕ್ ಗಾಡಿಯಲ್ಲೂ ಇದೆ ಎಂಬುದನ್ನು ಅಂಗಡಿಯವರು ಹೇಳದಿದ್ದರೂ ನಾವು ತಿಳಿದಿರಬೇಕು. ಆದರೆ ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಅದುಮಿದಾಗ ಚಕ್ರ ಜಾಮ್ ಆಗಿ ಜಾರುವುದನ್ನು ಸಿ.ಬಿ.ಎಸ್. ತಡೆಯದು. ಅದನ್ನು ತಡೆಯುವುದು ಎ.ಬಿ.ಎಸ್. ಮಾತ್ರ. ಚಕ್ರ ನಿಂತೀತೆಂದು ಕಂಡೊಡನೆ ಕ್ಷಣಕ್ಕೆ ಹಲವು ಸಲ ಹಿಡಿತ ಬಿಟ್ಟು ಮತ್ತೆ ಹಿಡಿಯುತ್ತದೆ, ಹ್ಯಾಂಡಲ್ ನಮ್ಮ ಮಾತು ಕೇಳುತ್ತದೆ.

ಈಗ ಒಂದು ಹೋಲಿಕೆ ನೋಡಿ. ಎಕ್ಸ್‌ಟೆಕ್ ಸ್ಪ್ಲೆಂಡರ್ ಬಂದಾಗ ಅದರ ದೆಹಲಿ ಶೋರೂಂ ದರ 72 ಸಾವಿರ ಚಿಲ್ಲರೆ. ಅದೇ 2022ರ ಡಿಸೆಂಬರಿನಲ್ಲಿ ಬಜಾಜ್ ಕಂಪನಿ ತನ್ನ ಪ್ಲಾಟಿನಾ 110ಕ್ಕೆ ಮುಂದಿನ ಚಕ್ರದಲ್ಲಿ ಡಿಸ್ಕ್ ಬ್ರೇಕು, ಎ.ಬಿ.ಎಸ್. ಎರಡನ್ನೂ ಹಾಕಿ ಮಾರುಕಟ್ಟೆಗೆ ತಂದಿತು. ಅದರ ದರವೂ 72 ಸಾವಿರ ಚಿಲ್ಲರೆಯೇ. ಒಂದೇ ವರ್ಷ, ಹೆಚ್ಚುಕಡಿಮೆ ಒಂದೇ ಹಣ. ಆ ಹಣಕ್ಕೆ ಒಂದು ಕಡೆ ಮಾತಾಡುವ ಮೀಟರು, ಇನ್ನೊಂದು ಕಡೆ ಜಾರದಂತೆ ನಿಲ್ಲಿಸುವ ಬ್ರೇಕು. ಗ್ರಾಹಕನ ಮುಂದೆ ಇಷ್ಟು ನಿಚ್ಚಳವಾದ ಆಯ್ಕೆ ಬರುವುದು ಅಪರೂಪ. ಆದದ್ದೇನು? ಎಕ್ಸ್‌ಟೆಕ್ ಬೆಳೆಯಿತು, ಅದಕ್ಕೊಂದು ಎರಡನೆಯ ಆವೃತ್ತಿ 2024ರಲ್ಲಿ ಬಂದಿತು. ಎ.ಬಿ.ಎಸ್. ಪ್ಲಾಟಿನಾವನ್ನು ಅದೇ 2024ರ ಕೊನೆಯ ಹೊತ್ತಿಗೆ ಕಂಪನಿ ನಿಲ್ಲಿಸಿತು. ಚೆನ್ನಾಗಿ ಖರ್ಚಾಗುವ ಗಾಡಿಯನ್ನು ಯಾರೂ ನಿಲ್ಲಿಸುವುದಿಲ್ಲ. ಹೆಸರಿನ ಮೇಲಿನ ನಂಬಿಕೆ, ಮರುಮಾರಾಟದಲ್ಲಿ ಸಿಗುವ ಬೆಲೆ, ಇವೂ ಕಾರಣವಾಗಿದ್ದೀತು. ಆದರೂ ಕಂಪನಿಗಳಿಗೆ ನಾವು ಕಲಿಸಿದ ಪಾಠ ಮಾತ್ರ ಸ್ಪಷ್ಟ: ಬ್ರೇಕಿಗೆ ಹಣ ಕೊಡುವವರು ಕಡಿಮೆ, ಥಳಕಿಗೆ ಕೊಡುವವರು ಹೆಚ್ಚು.

ಈ ಪಾಠದ ಬೆಲೆ ಸಣ್ಣದಲ್ಲ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಈ ಸಾವುಗಳಿಗೆಲ್ಲ ಬ್ರೇಕೇ ಕಾರಣವೆಂದು ಹೇಳಲಾಗದು. ಹೆಲ್ಮೆಟ್ ಹಾಕದ್ದು, ವೇಗ, ಗುಂಡಿ ಬಿದ್ದ ರಸ್ತೆ, ಎಲ್ಲವೂ ಸೇರಿವೆ. ಆದರೆ ಕೊಳ್ಳುವ ದಿನ ನಮ್ಮ ಕೈಯಲ್ಲಿರುವ ಸಂಗತಿ ಬ್ರೇಕು. ರಸ್ತೆಯ ಗುಂಡಿ ನಮ್ಮ ಕೈಯಲ್ಲಿಲ್ಲ.

ಕಂಪನಿಗಳ ಮೇಲಿನ ಆಕ್ಷೇಪವನ್ನೂ ಮರೆಮಾಚಬಾರದು. 97.2 ಸಿ.ಸಿ. ಸ್ಪ್ಲೆಂಡರಿಗೆ ಮುಂದಿನ ಡಿಸ್ಕ್ ಬ್ರೇಕು ಬಂದದ್ದು ಎಕ್ಸ್‌ಟೆಕ್ ದರ್ಜೆಯೊಡನೆ. ಎಂದರೆ ಒಳ್ಳೆಯ ಬ್ರೇಕು ಬೇಕಾದವನು ಬೇಡದ ಬ್ಲೂಟೂತನ್ನೂ ಕಟ್ಟಿಕೊಳ್ಳಬೇಕು. ಅಕ್ಕಿ ಬೇಕಾದವನಿಗೆ ಅತ್ತರಿನ ಸೀಸೆಯನ್ನೂ ಕೊಂಡರಷ್ಟೇ ಅಕ್ಕಿ ಎಂದ ಹಾಗಾಯಿತು. ಬೇರೆ ದಾರಿಯೂ ಉಂಟೆಂಬುದಕ್ಕೆ ಹೋಂಡಾದ ಶೈನ್ 100 ಸಾಕ್ಷಿ. 2023ರ ಮಾರ್ಚಿನಲ್ಲಿ ಅದು ಮುಂಬಯಿ ಶೋರೂಂ ದರ 64,900 ರೂಪಾಯಿಗೆ ಒಂದೇ ದರ್ಜೆಯಲ್ಲಿ ಬಂದಿತು. ಮುಳ್ಳಿನ ಮೀಟರು, ಬ್ಲೂಟೂತಿಲ್ಲ. ಆದರೆ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ಓಡದ ವ್ಯವಸ್ಥೆ ಇತ್ತು. ಕಾಯುವ ವಸ್ತುವನ್ನು ಮೆರೆಸುವ ವಸ್ತುವಿನಿಂದ ಬಿಡಿಸಿ ಕೊಡಲು ಸಾಧ್ಯವಿದೆ ಎಂಬುದು ಇದರಿಂದ ಸಿದ್ಧವಾಯಿತು. ಅದರ ಡ್ರಮ್ ಬ್ರೇಕು ಮಾತ್ರ ಹಾಗೆಯೇ ಉಳಿಯಿತು. 2025ರಲ್ಲಿ ಅದಕ್ಕೂ ಡಿಜಿಟಲ್ ಮೀಟರಿನ ‘ಡಿ.ಎಕ್ಸ್.’ ಎಂಬ ತಮ್ಮ ಹುಟ್ಟಿದ. ಅದೇ 2025ರ ಜೂನಿನಲ್ಲಿ ಕೇಂದ್ರ ಸರಕಾರ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಎ.ಬಿ.ಎಸ್. ಕಡ್ಡಾಯ ಮಾಡುವ ಕರಡು ನಿಯಮ ಹೊರಡಿಸಿದಾಗ, ಬೆಲೆ ಏರುತ್ತದೆ ಎಂಬ ವಾದ ಕೂಡಲೇ ಎದ್ದಿತು. ಮೀಟರಿಗೆ ಬೆಲೆ ಏರಿಸುವಾಗ ಈ ಕಾಳಜಿ ಎಲ್ಲಿತ್ತೆಂದು ಕೇಳುವ ಹಕ್ಕು ಗ್ರಾಹಕನಿಗಿದೆ.

ಇನ್ನು ಹಿರಿಯರ ಪಕ್ಷವನ್ನೂ ತೂಗಬೇಕು. ‘ಕಿಕ್ ಇದ್ದರೆ ಯಾರ ಹಂಗೂ ಇಲ್ಲ, ಸೆಲ್ಫ್ ಸ್ಟಾರ್ಟು ಸೋಮಾರಿಗಳಿಗೆ’ ಎಂಬ ಮಾತು ಕಾರ್ಬ್ಯುರೇಟರಿನ ಕಾಲಕ್ಕೆ ಒಪ್ಪುತ್ತಿತ್ತು. ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಪೆಟ್ರೋಲ್ ಪಂಪಿಗೂ ಅದನ್ನು ಆಳುವ ಪೆಟ್ಟಿಗೆಗೂ ವಿದ್ಯುತ್ ಬೇಕು. ಬ್ಯಾಟರಿ ತೀರಾ ಸತ್ತರೆ ಕಿಕ್ಕೂ ಕೈಕೊಡಬಹುದು. ಅಲ್ಲದೆ ಗಾಡಿ ಓಡಿಸುವವರು ಯಾರು? ಮನೆಯಲ್ಲಿ ಮಗಳೋ ಸೊಸೆಯೋ ಅದನ್ನೇ ಹತ್ತುವವರಾದರೆ, ಅಥವಾ ಓಡಿಸುವವರ ಮೊಣಕಾಲು ಐವತ್ತು ದಾಟಿದ್ದರೆ, ಸೆಲ್ಫ್ ಸ್ಟಾರ್ಟು ಶೋಕಿಯಲ್ಲ. ಸಿಗ್ನಲ್ಲಿನಲ್ಲಿ ಹಿಂದೆ ಮಗುವನ್ನು ಕೂರಿಸಿಕೊಂಡಿರುವಾಗ ಗಾಡಿ ನಿಂತು, ಹಿಂದಿನ ಬಸ್ಸು ಹಾರ್ನ್ ಬಾರಿಸುತ್ತಿದ್ದರೆ, ಗುಂಡಿ ಒತ್ತಿದೊಡನೆ ಹೊರಡುವುದು ಸುರಕ್ಷತೆಯ ವಿಷಯವೇ. ಟ್ಯೂಬ್‌ಲೆಸ್ ಟೈರಿನ ಮಾತೂ ಹಾಗೆಯೇ. ಮೊಳೆ ಹೊಕ್ಕರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಸಾಮಾನ್ಯವಾಗಿ ಪಂಕ್ಚರ್ ಅಂಗಡಿಯ ತನಕ ತಲುಪಿಸುತ್ತದೆ. ಇಂಥವು ಬೇಸಿಕ್‌ನಲ್ಲಿ ಇಲ್ಲದಿದ್ದರೆ ಬೇಸಿಕ್ ಅಗ್ಗವಲ್ಲ.

ಮೂರನೆಯ ಮತ್ತು ನಾಲ್ಕನೆಯ ರಾಶಿಗಳಲ್ಲಿ ಮಾತ್ರ ಹಿರಿಯರ ಗುಮಾನಿ ಸರಿಯಾಗಿದೆ. ಆ ಕ್ಷಣದ ಮೈಲೇಜು ತೋರಿಸುವ ಸೂಚಿ ಒಂದು ವಾರ ಬುದ್ಧಿ ಕಲಿಸುತ್ತದೆ, ಆಮೇಲೆ ಕಣ್ಣು ಅದನ್ನು ಮರೆಯುತ್ತದೆ. ಹಳೆಯ ಮುಳ್ಳಿನ ಮೀಟರಿನ ಕೇಬಲ್ ತುಂಡಾದರೆ ಗಲ್ಲಿಯಲ್ಲೇ ಹಾಕಿಸಬಹುದು. ಡಿಜಿಟಲ್ ಮೀಟರು ಕೆಟ್ಟರೆ ಸಾಮಾನ್ಯವಾಗಿ ಇಡಿಯದನ್ನೇ ಬದಲಿಸಬೇಕು. ಓಡುವಾಗ ಮೀಟರಿನಲ್ಲಿ ಯಾರ ಫೋನು ಎಂದು ಕಂಡರೆ ಲಾಭವೇನು? 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆ ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿಯುವುದನ್ನು ಅಪಾಯಕಾರಿ ಚಾಲನೆಯೆಂದೇ ಎಣಿಸುತ್ತದೆ. ಎತ್ತಬಾರದ ಕರೆಯ ಸುದ್ದಿ ಕಣ್ಣನ್ನು ರಸ್ತೆಯಿಂದ ಕೀಳುತ್ತದೆ, ಅಷ್ಟೆ. ಒಂದು ವಿನಾಯಿತಿ ಉಂಟು. ಮನೆಮನೆಗೆ ಊಟ, ಸಾಮಾನು ಮುಟ್ಟಿಸುವ ಹುಡುಗರಿಗೆ ಫೋನೇ ಅನ್ನದ ಬಟ್ಟಲು. ಅವರಿಗೆ ಚಾರ್ಜಿಂಗ್ ಕಿಂಡಿ ಎರಡನೆಯ ರಾಶಿಗೆ ಸೇರಿದ್ದು.

ಹಣದ ಲೆಕ್ಕ ಹಾಕೋಣ. ಎರಡು ದರ್ಜೆಗಳ ಅಂತರ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಸಾಲದ ಮೇಲೆ, ಮೂರು ವರ್ಷ, ಶೇಕಡಾ 10ರ ಸಾದಾ ಬಡ್ಡಿಯಲ್ಲಿ ಅದು 7,800 ಆಗುತ್ತದೆ, ತಿಂಗಳಿಗೆ ಸುಮಾರು 217 ರೂಪಾಯಿ. ‘ಬರೀ ಇನ್ನೂರು ಚಿಲ್ಲರೆ’ ಎಂದು ಅಂಗಡಿಯವನು ನಗುತ್ತಾನೆ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ, ಗಾಡಿ ಲೀಟರಿಗೆ ಅರವತ್ತು ಕಿಲೋಮೀಟರು ಓಡುತ್ತದೆ ಎಂದರೆ, ಆ 217 ರೂಪಾಯಿ 130 ಕಿಲೋಮೀಟರಿನ ಪೆಟ್ರೋಲು. ದಿನಕ್ಕೆ ಮೂವತ್ತು ಕಿಲೋಮೀಟರು ಓಡಿಸುವವನಿಗೆ ತಿಂಗಳಲ್ಲಿ ನಾಲ್ಕು ದಿನದ ಓಡಾಟ. ಮಹಾರಾಷ್ಟ್ರದಲ್ಲಿ ರಸ್ತೆ ತೆರಿಗೆಯೂ ಗಾಡಿಯ ಬೆಲೆಯ ಶೇಕಡಾವಾರು. ಎಂದರೆ ಬ್ಲೂಟೂತಿಗೂ ರಸ್ತೆ ತೆರಿಗೆ ಕಟ್ಟುತ್ತೇವೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಗಾಡಿಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ 60,000 ಆದ ಗಾಡಿಗೆ ಇದರಿಂದ 6,000 ರೂಪಾಯಿ ಉಳಿತಾಯ. ‘ಉಳಿದ ಹಣದಲ್ಲಿ ಟಾಪ್ ಮಾಡೆಲ್ ತೆಗೆದುಕೊಳ್ಳಿ’ ಎಂಬ ಸಲಹೆ ಅಂಗಡಿಯಲ್ಲಿ ಸಿದ್ಧವಾಗಿರುತ್ತದೆ. ಆ ಹಣ ನಮ್ಮದು. ಅದರಲ್ಲಿ ಐ.ಎಸ್.ಐ. ಗುರುತಿನ ಎರಡು ಒಳ್ಳೆಯ ಹೆಲ್ಮೆಟ್ಟು ಕೊಂಡು ಮಿಕ್ಕದ್ದನ್ನು ಉಳಿಸಿದರೆ ಯಾವ ಮೀಟರೂ ಮಾಡದ ಉಪಕಾರವಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು? ಮನೆಯಿಂದ ಸ್ಟೇಷನ್ನಿಗೆ ಮೂರು ಕಿಲೋಮೀಟರು ಓಡಿಸಿ, ಇಡೀ ದಿನ ಸ್ಟ್ಯಾಂಡಿನಲ್ಲಿ ಬಿಸಿಲು ಮಳೆಗೆ ನಿಲ್ಲಿಸುವವರಿಗೆ ಸೆಲ್ಫ್ ಸ್ಟಾರ್ಟಿನ ಸಾದಾ ಗಾಡಿ ಧಾರಾಳ ಸಾಕು. ಘೋಡ್‌ಬಂದರ್ ರಸ್ತೆಯಂಥ ಕಡೆ ಲಾರಿಗಳ ನಡುವೆ ರಾತ್ರಿ ಮನೆಗೆ ಮರಳುವವರು, ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರು ಓಡಿಸುವವರು, ಡಿಸ್ಕ್ ಬ್ರೇಕು ಮತ್ತು ಒಳ್ಳೆಯ ದೀಪಕ್ಕಾಗಿ ಮೇಲಿನ ದರ್ಜೆಗೆ ಹೋಗಬೇಕಾದರೆ ಹೋಗಲಿ. ಜೊತೆಗೆ ಬರುವ ಬ್ಲೂಟೂತು ಅನಿವಾರ್ಯ ತೆರಿಗೆಯೆಂದು ತಿಳಿಯಲಿ. ನಾಲ್ಕೈದು ವರ್ಷದ ಮೇಲೆ ಗಾಡಿಯನ್ನು ಊರಿನ ತಮ್ಮನಿಗೆ ಕಳಿಸುವ ಯೋಚನೆ ಇರುವವರು ಸಾದಾ ಮೀಟರಿನ, ಕಡ್ಡಿ ಚಕ್ರದ ಗಾಡಿಯನ್ನೂ ಪರಿಗಣಿಸಬೇಕು. ಹಳ್ಳಿಯ ಕಲ್ಲುದಾರಿಯಲ್ಲಿ ಕಡ್ಡಿ ಬಾಗಿದರೆ ನೇರ ಮಾಡಿಸಬಹುದು. ಟ್ಯೂಬ್‌ಲೆಸ್ಸಿನ ಅನುಕೂಲ ಮಾತ್ರ ಅಲ್ಲಿ ತಪ್ಪುತ್ತದೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿ ಹೊಸದಾಗಿ ನೋಂದಣಿ ಮಾಡಿಸಬೇಕೆಂಬುದೂ ನೆನಪಿರಲಿ.

ಅಂಗಡಿಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಹೇಗೆ ನಿಲ್ಲುತ್ತದೆ? ಟೈರು, ದೀಪ ಎಂಥವು? ಮನೆಯಲ್ಲಿ ಯಾರ್ಯಾರು ಓಡಿಸುತ್ತಾರೆ, ಅವರಿಂದ ಹೊರಡಿಸಲಾಗುತ್ತದೆಯೆ? ರಸ್ತೆಗಿಳಿಯುವಾಗ ಒಟ್ಟು ಎಷ್ಟು? ಐದನೆಯ ಪ್ರಶ್ನೆಯಾಗಿ ಬಣ್ಣವನ್ನೂ ಬ್ಲೂಟೂತನ್ನೂ ಕೇಳಿಕೊಳ್ಳಲಿ, ಚಿಕ್ಕವರ ಸಂತೋಷಕ್ಕೆ ಅಡ್ಡಿಯಿಲ್ಲ. ಮೊದಲ ಪ್ರಶ್ನೆಯನ್ನು ಸಾಕಷ್ಟು ಮಂದಿ ಕೇಳತೊಡಗಿದ ದಿನ, ಒಳ್ಳೆಯ ಬ್ರೇಕನ್ನು ಎಲ್ಲಕ್ಕಿಂತ ಕೆಳಗಿನ ದರ್ಜೆಯ ಗಾಡಿಗೂ ಹಾಕಿಕೊಡುವುದು ಕಂಪನಿಗಳಿಗೆ ಲಾಭದ ಮಾತಾಗುತ್ತದೆ.